ತನ್ನ ಕಥೆಯನ್ನು ತಾನೇ ಬಿಡಿಸಿದವರು: ಮೊದಲು ಯಾರನ್ನು ಓದಬೇಕು?

ನಮ್ಮ ಮನೆಯ ಗೋಡೆಬೀರುವಿನಲ್ಲಿ ಕೆಳಗಿನ ಎರಡು ಅಂತಸ್ತು ಅಪ್ಪನ ರೇಷ್ಮೆ ನೂಲು ಬಿಚ್ಚಾಣಿಕೆಯ ಲೆಕ್ಕದ ಪುಸ್ತಕಗಳಿಗೆ, ಮೇಲಿನದೊಂದು ನನ್ನ ಕಾಮಿಕ್ಸ್‌ಗೆ, ಅದರಲ್ಲೂ ಬರೆದವರು ತಮ್ಮದೇ ಬದುಕನ್ನು ಬಿಡಿಸಿದ ಆತ್ಮಕಥೆಯ ಕಾಮಿಕ್ಸ್‌ಗೆ. ಶಿಡ್ಲಘಟ್ಟದ ಒಂದು ಪ್ರೌಢಶಾಲೆಯಲ್ಲಿ ನಾನು ಚಿತ್ರಕಲೆ ಕಲಿಸುತ್ತೇನೆ. ಕೇಳಿ ಬಂದವರಿಗೆ ಈ ಪುಸ್ತಕಗಳನ್ನು ಕೊಟ್ಟು ಕಳುಹಿಸುವುದು ವರ್ಷಗಳಿಂದ ನಡೆದು ಬಂದಿದೆ. ಕೊಟ್ಟದ್ದು ಹೇಗೆ ಮರಳಿ ಬರುತ್ತದೆ ಎಂಬುದನ್ನು ನೋಡಿಯೇ ಆಯಾ ಪುಸ್ತಕದ ಸ್ವಭಾವವನ್ನು ನಾನು ಅರಿತುಕೊಂಡಿದ್ದೇನೆ. ಒಂದು ಮರುದಿನವೇ ಬರುತ್ತದೆ, ತಂದವರ ಕಣ್ಣು ನಿದ್ದೆಗೆಟ್ಟು ಕೆಂಪಾಗಿರುತ್ತದೆ. ಇನ್ನೊಂದು ಮೂರು ತಿಂಗಳಾದರೂ ಬರುವುದಿಲ್ಲ. ವಿಚಾರಿಸಿದರೆ ಅದು ಅವರ ಅತ್ತಿಗೆಯ ದಿಂಬಿನ ಕೆಳಗಿರುತ್ತದೆ. ಮತ್ತೊಂದು ಇಪ್ಪತ್ತನೆಯ ಪುಟದಲ್ಲಿ ಬಸ್ ಟಿಕೆಟ್ ಸಿಕ್ಕಿಸಿಕೊಂಡು ಹಾಗೆಯೇ ವಾಪಸಾಗುತ್ತದೆ.

ಈ ಬೇಸಿಗೆಯಲ್ಲಿ ಅಕ್ಕನ ಮಗಳು ಚಿಕ್ಕಬಳ್ಳಾಪುರದಿಂದ ಬಂದಿದ್ದಳು. ಪಿಯುಸಿ ಮುಗಿಸಿದ್ದಾಳೆ. ಬೀರುವಿನ ಮುಂದೆ ನೆಲದ ಮೇಲೆ ಕುಳಿತು ಒಂದೊಂದನ್ನೇ ತೆಗೆದು ನೋಡಿದವಳು, ‘ಚಿಕ್ಕಮ್ಮ, ಒಂದೇ ಒಂದನ್ನು ಕೊಳ್ಳುವಷ್ಟು ದುಡ್ಡು ನನ್ನ ಬಳಿ ಇದೆ. ಯಾವುದನ್ನು ಕೊಳ್ಳಲಿ?’ ಎಂದಳು. ಇಲ್ಲಿರುವುದನ್ನೇ ಓದು ಎಂದೆ. ‘ಓದಿ ಹಿಂದಿರುಗಿಸುವುದಕ್ಕಲ್ಲ, ನನ್ನದೇ ಆಗಿ ಇಟ್ಟುಕೊಳ್ಳುವುದಕ್ಕೆ’ ಎಂದಳು. ಅಂದು ಅವಳಿಗೆ ಅರ್ಧಂಬರ್ಧ ಹೇಳಿದ್ದನ್ನು ಇಲ್ಲಿ ಪೂರ್ತಿಯಾಗಿ ಬರೆಯುತ್ತಿದ್ದೇನೆ. ನಾನು ಓದಿರುವುದು ಇಂಗ್ಲಿಷ್ ಪ್ರತಿಗಳನ್ನು. ಹಾಗಾಗಿ ಯಾವುದರ ಇಂಗ್ಲಿಷ್ ಹಗುರ, ಯಾವುದರದು ಗಡುಸು ಎಂಬುದನ್ನೂ ಅಲ್ಲಲ್ಲೇ ಹೇಳುತ್ತೇನೆ.

ಕಾಮಿಕ್ಸ್ ಎಂದೊಡನೆ ನನ್ನ ವಯಸ್ಸಿನವರಿಗೆ ನೆನಪಾಗುವುದು ಚಂದಮಾಮ, ಬಾಲಮಂಗಳ, ಮತ್ತು ಕಾರ್ಕಳದಲ್ಲಿ ಹುಟ್ಟಿದ ಅನಂತ ಪೈ ಅವರು 1967ರಲ್ಲಿ ಆರಂಭಿಸಿದ ಅಮರ ಚಿತ್ರ ಕಥೆ. ಅವುಗಳಲ್ಲಿ ದೇವರಿದ್ದರು, ರಾಜರಿದ್ದರು, ಬೇತಾಳನಿದ್ದ. ನಮ್ಮ ಅಡುಗೆಮನೆ ಇರಲಿಲ್ಲ. ಹಲ್ಲು ಮುರಿದುಕೊಂಡದ್ದು, ಅಪ್ಪನಿಗೆ ಹೆದರಿದ್ದು, ಶಾಲೆಯ ಫೋಟೊದಲ್ಲಿ ತಾನು ಕಾಣದೇ ಹೋದದ್ದು, ಇವನ್ನು ಕೂಡ ಚೌಕಟ್ಟು ಹಾಕಿ ಬಿಡಿಸಬಹುದು ಎಂಬುದು ನನಗೆ ಹೊಳೆದದ್ದು ಕಾಲೇಜು ಮುಗಿದ ಮೇಲೆ.

ಯಾವುದು ಶ್ರೇಷ್ಠ ಎಂಬ ಪ್ರಶ್ನೆಯಿಂದ ಆಯ್ಕೆಗೆ ಹೊರಟರೆ ದಾರಿ ತಪ್ಪುತ್ತದೆ. ಇಂಥ ಪುಸ್ತಕ ಬರೆದವರೆಲ್ಲರ ಬಳಿಯೂ ನೇರವಾಗಿ ಹೇಳಲು ಬಾಯಿ ಬಾರದ ಒಂದು ಸಂಗತಿ ಇರುತ್ತದೆ. ಅದನ್ನು ಹೇಳಲು ಅವರು ಒಂದು ಓರೆದಾರಿ ಹುಡುಕಿಕೊಳ್ಳುತ್ತಾರೆ. ಒಬ್ಬರು ಮನೆಯವರನ್ನೆಲ್ಲ ಇಲಿಗಳನ್ನಾಗಿ ಬಿಡಿಸುತ್ತಾರೆ. ಇನ್ನೊಬ್ಬರು ತಮಗೆ ಮೊಲದ ಕಿವಿ ಇಟ್ಟುಕೊಳ್ಳುತ್ತಾರೆ. ಮತ್ತೊಬ್ಬರು ಕೊಳವೆಯಂಥ ಮೈಗೆ ಹಳದಿ ಜುಟ್ಟು ಸಿಕ್ಕಿಸಿ ‘ಇದು ನಾನು’ ಎನ್ನುತ್ತಾರೆ. ನೋಡುವವರಿಗೆ ಇದು ವಿಚಿತ್ರ. ಬರೆದವರಿಗೆ ಮಾತ್ರ ಆ ವೇಷ ತೊಟ್ಟ ಮೇಲೆಯೇ ಬಾಯಿ ಬಂದಿದೆ. ನಿಮ್ಮೊಳಗೆ ಹೇಳಲಾಗದೆ ಉಳಿದಿರುವುದು ಯಾವ ಬಗೆಯದೋ ಅದಕ್ಕೆ ಹತ್ತಿರದ ಓರೆದಾರಿ ಹಿಡಿದವರನ್ನು ಮೊದಲು ಓದಿ. ನನ್ನ ಅಳತೆಗೋಲು ಇದೊಂದೇ.

ಮಾತಿನಲ್ಲಿ ಚಿತ್ರ ಕಟ್ಟುವುದು ನಮ್ಮ ಆತ್ಮಕಥೆಗಳಿಗೂ ಗೊತ್ತು. ಮುಳಬಾಗಿಲಿನ ಡಿ.ವಿ.ಜಿ. ತಮ್ಮ ನೆನಪುಗಳಿಗೆ ‘ಜ್ಞಾಪಕ ಚಿತ್ರಶಾಲೆ’ ಎಂದೇ ಹೆಸರಿಟ್ಟರು. ಸಿದ್ಧಲಿಂಗಯ್ಯನವರ ‘ಊರುಕೇರಿ’ಯ ಆರಂಭದಲ್ಲಿ ಇಬ್ಬರು ಮನುಷ್ಯರು ಹೆಗಲಿಗೆ ನೊಗ ಹೊತ್ತು ಎತ್ತುಗಳ ಹಾಗೆ ಎಳೆಯುತ್ತಿರುತ್ತಾರೆ, ಅವರಲ್ಲಿ ಒಬ್ಬರು ನೋಡುತ್ತಿರುವ ಹುಡುಗನ ತಂದೆ. ಆ ಪುಟವನ್ನು ಓದುವಾಗಲೆಲ್ಲ ನನ್ನ ಕೈ ಪೆನ್ಸಿಲ್ ಹುಡುಕುತ್ತದೆ. ಗೆರೆಯಲ್ಲಿ ಬಂದರೆ ಅದು ಹೇಗಿರುತ್ತದೆ ಎಂದು ತಿಳಿಯುವ ಆಸೆಯಿದ್ದವರಿಗೆ ಮುಂದಿನ ಹೆಸರುಗಳು.

ಮಕ್ಕಳ ಕೈಗೆ ಕೊಡುವುದಾದರೆ

ರೈನಾ ಟೆಲ್ಗೆಮೇಯರ್ ಅವರ ‘ಸ್ಮೈಲ್’ 2010ರಲ್ಲಿ ಬಂತು. ಆರನೆಯ ತರಗತಿಯ ಹುಡುಗಿ ಓಡುವಾಗ ಎಡವಿ ಬೀಳುತ್ತಾಳೆ, ಮುಂದಿನ ಎರಡು ಹಲ್ಲುಗಳಿಗೆ ಪೆಟ್ಟಾಗುತ್ತದೆ. ಅಲ್ಲಿಂದ ವರ್ಷಗಟ್ಟಲೆ ದಂತವೈದ್ಯರ ಕುರ್ಚಿ, ತಂತಿ, ನಗಲು ನಾಚಿಕೆ, ಗೆಳತಿಯರ ಕುಹಕ. ನಡುವೆ 1989ರ ಸ್ಯಾನ್ ಫ್ರಾನ್ಸಿಸ್ಕೊ ಭೂಕಂಪವೂ ಬಂದು ಹೋಗುತ್ತದೆ. ಬಣ್ಣ ಹಿತವಾಗಿದೆ, ಇಂಗ್ಲಿಷ್ ಸರಳವಾಗಿದೆ. ಕನ್ನಡ ಮಾಧ್ಯಮದ ಎಂಟನೆಯ ತರಗತಿಯ ಮಕ್ಕಳು ಚಿತ್ರ ನೋಡುತ್ತ ನೋಡುತ್ತ ಅರ್ಥ ಮಾಡಿಕೊಂಡು ಮುಗಿಸಿದ್ದಾರೆ. ಮರುದಿನವೇ ವಾಪಸು ಬರುವ ಪುಸ್ತಕ ಇದು.

ಸೀಸ್ ಬೆಲ್ ಅವರ ‘ಎಲ್ ಡೆಫೊ’ವನ್ನು ನಾನು ಅದಕ್ಕಿಂತ ಒಂದು ಮೆಟ್ಟಿಲು ಮೇಲಿಡುತ್ತೇನೆ. ನಾಲ್ಕನೆಯ ವಯಸ್ಸಿನಲ್ಲಿ ಮಿದುಳುಪೊರೆಯ ಉರಿಯೂತದಿಂದ ಅವರ ಶ್ರವಣಶಕ್ತಿ ಕುಂದಿತು. ಪುಸ್ತಕದಲ್ಲಿ ಎಲ್ಲರೂ ಮೊಲಗಳು, ಎಲ್ಲರಿಗೂ ಉದ್ದುದ್ದ ಕಿವಿ. ಕಿವಿ ಕೇಳಿಸದ ಮಗುವಿನ ಕಣ್ಣಿಗೆ ಲೋಕದಲ್ಲಿ ಕಿವಿಯೇ ಮುಖ್ಯವಾಗಿ ಕಾಣುವುದನ್ನು ಅವರು ಒಂದೇ ಒಂದು ವೇಷದಲ್ಲಿ ಹೇಳಿಬಿಟ್ಟರು. ಶ್ರವಣಯಂತ್ರದ ಬ್ಯಾಟರಿ ಮುಗಿಯುತ್ತಾ ಬಂದಂತೆ ಮಾತಿನ ಗುಳ್ಳೆಯೊಳಗಿನ ಅಕ್ಷರಗಳು ಮಸುಕಾಗುತ್ತಾ ಹೋಗುತ್ತವೆ, ಕೊನೆಗೆ ಗುಳ್ಳೆ ಖಾಲಿಯಾಗುತ್ತದೆ. ತರಗತಿಯಲ್ಲಿ ಆ ಪುಟವನ್ನು ಎತ್ತಿ ತೋರಿಸಿದಾಗ ಮಕ್ಕಳು ಗದ್ದಲ ನಿಲ್ಲಿಸಿದರು. ಕೊನೆಯ ಬೆಂಚಿನ ಒಬ್ಬ ಹುಡುಗ, ‘ಮಿಸ್, ನನ್ನ ಅಜ್ಜಿಗೆ ಹೀಗೇ ಆಗುತ್ತದೆ’ ಎಂದ. ಅಜ್ಜಿಗೆ ಕೇಳಿಸುವುದಿಲ್ಲ ಎಂದು ಅವನಿಗೆ ಮೊದಲೇ ಗೊತ್ತಿತ್ತು. ಅಜ್ಜಿಗೆ ಅದು ಹೇಗಿರುತ್ತದೆ ಎಂದು ತಿಳಿದದ್ದು ಆಗ. 2015ರಲ್ಲಿ ಈ ಪುಸ್ತಕಕ್ಕೆ ಅಮೆರಿಕದ ಮಕ್ಕಳ ಸಾಹಿತ್ಯದ ನ್ಯೂಬೆರಿ ಗೌರವ ಸಂದಿದೆ. ಮನೆಯಲ್ಲಿ ಹತ್ತು–ಹದಿಮೂರು ವಯಸ್ಸಿನ ಮಗುವಿದ್ದರೆ ಬೇರೆ ಏನನ್ನೂ ಯೋಚಿಸದೆ ಇದನ್ನು ಕೊಳ್ಳಿ.

ಇಲಿಗಳೋ, ಕಪ್ಪು–ಬಿಳುಪಿನ ಹುಡುಗಿಯೋ

ದೊಡ್ಡವರು ಹೆಚ್ಚಾಗಿ ಕೇಳುವುದು ಈ ಎರಡನ್ನು: ಆರ್ಟ್ ಸ್ಪೀಗಲ್‌ಮನ್ ಅವರ ‘ಮೌಸ್’ ಮತ್ತು ಮಾರ್ಜಾನ್ ಸತ್ರಪಿ ಅವರ ‘ಪರ್ಸೆಪೊಲಿಸ್’. ಎರಡರಲ್ಲೂ ಇತಿಹಾಸವಿದೆ, ಎರಡೂ ಕಪ್ಪು ಬಿಳುಪು, ಎರಡರಲ್ಲೂ ಮನೆಯವರೇ ಪಾತ್ರಗಳು. ಓದಿನ ಅನುಭವ ಮಾತ್ರ ಬೇರೆಬೇರೆ.

‘ಮೌಸ್’ 1980ರಿಂದ 1991ರವರೆಗೆ ಒಂದು ನಿಯತಕಾಲಿಕೆಯಲ್ಲಿ ಕಂತುಗಳಾಗಿ ಬಂತು. 1992ರಲ್ಲಿ ಪುಲಿಟ್ಜರ್‌ನ ವಿಶೇಷ ಪ್ರಶಸ್ತಿ ಪಡೆಯಿತು. ನಾಜಿಗಳ ಸಾವಿನ ಶಿಬಿರದಿಂದ ಬದುಕಿ ಬಂದ ತಂದೆ ವ್ಲಾಡೆಕ್ ಹೇಳಿದ ಕಥೆಯನ್ನು ಮಗ ಬಿಡಿಸುತ್ತಾನೆ. ಯಹೂದಿಗಳು ಇಲಿಗಳು, ಜರ್ಮನ್ನರು ಬೆಕ್ಕುಗಳು. ಹಲವರು ಇದನ್ನು ಯುದ್ಧದ ಪುಸ್ತಕವೆಂದು ತೆಗೆದುಕೊಂಡು ಹೋಗುತ್ತಾರೆ. ನನ್ನನ್ನು ಹಿಡಿದು ನಿಲ್ಲಿಸಿದ್ದು ಯುದ್ಧ ಮುಗಿದು ದಶಕಗಳಾದ ಮೇಲಿನ ಪುಟಗಳು. ಮುದುಕ ವ್ಲಾಡೆಕ್ ಬೀದಿಯಲ್ಲಿ ಬಿದ್ದಿದ್ದ ತಂತಿಯ ತುಂಡನ್ನು ಎತ್ತಿಕೊಳ್ಳುತ್ತಾನೆ, ಏನನ್ನೂ ಬಿಸಾಡುವುದಿಲ್ಲ, ಮಾತ್ರೆಗಳನ್ನು ಎಣಿಸುತ್ತಾನೆ, ಮಗನನ್ನು ರೇಗಿಸುತ್ತಾನೆ. ಕಷ್ಟ ಕಂಡವರು ಸಂತರಾಗಿ ಹೊರಬರುತ್ತಾರೆ ಎಂಬ ಸುಳ್ಳನ್ನು ಸ್ಪೀಗಲ್‌ಮನ್ ಬರೆಯಲಿಲ್ಲ. ನನ್ನ ತಾತ, ರೇಷ್ಮೆಹುಳು ಗೂಡು ಕಟ್ಟುವ ಚಂದ್ರಿಕೆ ಸವೆದರೆ ಅದರ ಬಿದಿರು ಪಟ್ಟಿಗಳನ್ನೂ ಬಿಸಾಡಲು ಬಿಡುತ್ತಿರಲಿಲ್ಲ. ಅವರ ಮಂಚದ ಕೆಳಗೆ ದಾರದ ತುಂಡುಗಳ ಒಂದು ಡಬ್ಬವಿತ್ತು. ಅವರು ಇದ್ದಾಗ ಅದು ನಮಗೆ ಕಿರಿಕಿರಿಯಾಗಿತ್ತು. ‘ಮೌಸ್’ ಓದಿ ಮುಗಿಸಿದ ರಾತ್ರಿ ಆ ಡಬ್ಬ ನೆನಪಾಗಿ ನಾನು ಅತ್ತಿದ್ದೇನೆ. ಮನೆಯ ಹಿರಿಯರ ಜೊತೆ ಹೊಂದಾಣಿಕೆಯಾಗದೆ, ಅವರನ್ನು ಪ್ರೀತಿಸದೆ ಇರಲೂ ಆಗದೆ ತೊಳಲುವವರಿಗೆ ಇದೇ ಪುಸ್ತಕ.

ಸತ್ರಪಿಯವರದು ಬೇರೆ ದಾರಿ. ‘ಪರ್ಸೆಪೊಲಿಸ್’ 2000ದಿಂದ 2003ರವರೆಗೆ ಫ್ರೆಂಚ್‌ನಲ್ಲಿ ನಾಲ್ಕು ಸಂಪುಟಗಳಾಗಿ ಬಂತು. ಇರಾನಿನ ಕ್ರಾಂತಿ, ಯುದ್ಧ, ಅದರ ನಡುವೆ ಬೆಳೆಯುವ ಒಬ್ಬ ಬಾಯಿಬಡುಕ ಹುಡುಗಿ. ಮೊದಲ ಪುಟದಲ್ಲಿ 1980ರ ಇಸವಿ, ಹತ್ತು ವರ್ಷದ ಹುಡುಗಿ ತಲೆಗೆ ಬಟ್ಟೆ ಸುತ್ತಿಕೊಂಡು ಕುಳಿತಿದ್ದಾಳೆ. ಪಕ್ಕದಲ್ಲಿ ತರಗತಿಯ ಫೋಟೊ. ಅದರ ಎಡತುದಿಯಲ್ಲಿ ತಾನಿದ್ದೇನೆ, ಚೌಕಟ್ಟಿನಿಂದಾಚೆಗೆ ಹೋಗಿರುವುದರಿಂದ ನಿಮಗೆ ಕಾಣುತ್ತಿಲ್ಲ ಎನ್ನುತ್ತಾಳೆ. ಎಲ್ಲರಿಗೂ ಒಂದೇ ಬಟ್ಟೆ ತೊಡಿಸಿದ ಮೇಲೆ ಒಬ್ಬಳು ಕಾಣೆಯಾಗುವುದು ಎಷ್ಟು ಸುಲಭ ಎಂಬುದಕ್ಕೆ ಇನ್ನೊಂದು ಮಾತು ಬೇಕಿಲ್ಲ. ಸೆರೆಮನೆಯಲ್ಲಿದ್ದ ಚಿಕ್ಕಪ್ಪ ರೊಟ್ಟಿಯಿಂದ ಮಾಡಿಕೊಟ್ಟ ಒಂದು ಹಂಸ ಬರುತ್ತದೆ. ಅದನ್ನು ಅವರು ನಾಲ್ಕೇ ಗೆರೆಯಲ್ಲಿ ಬಿಡಿಸಿದ್ದಾರೆ. ಬೂದು ಬಣ್ಣವಿಲ್ಲ, ನೆರಳಿಲ್ಲ. ಗೆರೆ ಇಷ್ಟು ಸರಳವಾಗಿರುವುದರಿಂದಲೇ ಟೆಹರಾನಿನ ಹುಡುಗಿ ಚಿಂತಾಮಣಿಯ ಹುಡುಗಿಗೆ ತನ್ನ ಹಾಗೇ ಕಾಣುತ್ತಾಳೆ.

ಎರಡರಲ್ಲಿ ಒಂದು ಎಂದು ಪಟ್ಟು ಹಿಡಿದರೆ ಇಪ್ಪತ್ತರ ಒಳಗಿನವರಿಗೆ ‘ಪರ್ಸೆಪೊಲಿಸ್’ ಎನ್ನುತ್ತೇನೆ. ಅದರಲ್ಲಿ ನಗು ಹೆಚ್ಚು, ಸಿಟ್ಟು ಹೆಚ್ಚು, ಇಂಗ್ಲಿಷ್ ತಿಳಿಯಾಗಿದೆ. ‘ಮೌಸ್’ನಲ್ಲಿ ವ್ಲಾಡೆಕ್‌ನ ಇಂಗ್ಲಿಷ್ ವಲಸೆಗಾರನ ಒಡಕು ಇಂಗ್ಲಿಷ್, ಮೊದಲ ಹತ್ತು ಪುಟ ಕಿವಿಗೆ ಒಗ್ಗಬೇಕು. ಮಕ್ಕಳನ್ನು ಬೆಳೆಸಿ, ತಂದೆ–ತಾಯಿಯನ್ನು ಕಳೆದುಕೊಂಡ ವಯಸ್ಸಿನವರಿಗೆ ‘ಮೌಸ್’.

ಇಲ್ಲಿ ಒಂದು ಹಿಂದಿನ ಮಾತು. ಈ ಬಗೆಯ ಬರವಣಿಗೆಗೆ 1972 ದೊಡ್ಡ ವರ್ಷ. ಅಮೆರಿಕದ ಜಸ್ಟಿನ್ ಗ್ರೀನ್ ತಮ್ಮ ಬಾಲ್ಯದ ಧಾರ್ಮಿಕ ಭಯಗಳನ್ನು, ಬಿಡದೆ ಕಾಡುವ ಗೀಳನ್ನು ಕಾಮಿಕ್ಸ್ ಮಾಡಿದ್ದು ಆಗ. ತನಗೆ ದಾರಿ ತೋರಿದ್ದು ಅವರೇ ಎಂದು ಸ್ಪೀಗಲ್‌ಮನ್ ಹೇಳಿಕೊಂಡಿದ್ದಾರೆ. ಜಪಾನಿನ ಕೇಜಿ ನಕಜಾವಾ ಹಿರೊಷಿಮಾದಲ್ಲಿ ಕಣ್ಣಾರೆ ಕಂಡದ್ದನ್ನು ಬಿಡಿಸಿದ್ದೂ ಅದೇ ವರ್ಷ. ಬಾಂಬು ಬಿದ್ದಾಗ ಅವರಿಗೆ ಆರು ವರ್ಷ. 1966ರಲ್ಲಿ ತಾಯಿ ತೀರಿಕೊಂಡು ದಹನವಾದಾಗ ಚಿತಾಭಸ್ಮದಲ್ಲಿ ಒಂದು ಮೂಳೆಯೂ ಉಳಿದಿರಲಿಲ್ಲ. ಬಾಂಬಿನ ವಿಕಿರಣ ಮೂಳೆಯನ್ನೂ ಬಿಡಲಿಲ್ಲ ಎಂಬ ಆ ಸಿಟ್ಟೇ ಅವರ ಕೈಗೆ ಲೇಖನಿ ಕೊಟ್ಟಿತು. ಅವರ ‘ಬೇರ್‌ಫುಟ್ ಗೆನ್’ ಅನೇಕ ಸಂಪುಟಗಳದ್ದು. ಮೊದಲ ಸಂಪುಟವೊಂದನ್ನೇ ಓದಿ ನಿಲ್ಲಿಸಿದರೂ ನಷ್ಟವಿಲ್ಲ. ಆದರೆ ಮಕ್ಕಳಿಗೆ ಕೊಡಬೇಡಿ.

ಮನಸ್ಸು ಕುಗ್ಗಿದ ಹೊತ್ತಿನಲ್ಲಿ

ಅಲಿ ಬ್ರಾಶ್ ಅವರ ‘ಹೈಪರ್‌ಬೊಲಿ ಆ್ಯಂಡ್ ಎ ಹಾಫ್’ ಪುಸ್ತಕವಾಗಿ ಬಂದದ್ದು 2013ರಲ್ಲಿ. ಕಂಪ್ಯೂಟರಿನ ಸಾದಾ ಬಣ್ಣ ಬಳಿಯುವ ತಂತ್ರಾಂಶದಲ್ಲಿ, ಮಗು ಗೀಚಿದಂತೆ ಬಿಡಿಸಿದ ಚಿತ್ರಗಳು. ಆಗಲೇ ಹೇಳಿದ ಹಳದಿ ಜುಟ್ಟಿನ ಕೊಳವೆ ಮೈ ಇವರದೇ. ಚಿತ್ರಕಲೆ ಕಲಿಸುವವಳಾಗಿ ನಾನು ಮೊದಲ ಸಲ ಇದನ್ನು ತೆರೆದು ಮುಚ್ಚಿಟ್ಟಿದ್ದೆ. ಅದು ನನ್ನ ತಪ್ಪು. ಆ ಕಣ್ಣುಗಳನ್ನು ನೋಡಿ: ಅತ್ತ ಒಂದು, ಇತ್ತ ಒಂದು ಗುಡ್ಡೆ. ಆ ಎರಡು ಚುಕ್ಕೆಗಳಲ್ಲೇ ದಿಗಿಲು, ಹಟ, ಖಾಲಿತನ ಮೂರೂ ಬರುತ್ತವೆ. ಹತ್ತು ವರ್ಷ ಗೆರೆ ತಿದ್ದಿದವರಿಗೂ ಅದು ಕಷ್ಟ.

ಇದರಲ್ಲಿ ಖಿನ್ನತೆಯ ಬಗ್ಗೆ ಎರಡು ಅಧ್ಯಾಯಗಳಿವೆ. ಯಾವ ಭಾವನೆಯೂ ಇಲ್ಲದೆ ಮಲಗಿದ್ದವರು ಅಡುಗೆಮನೆಯಲ್ಲಿ ಫ್ರಿಜ್ಜಿನ ಕೆಳಗೆ ಒಣಗಿ ಸುಕ್ಕುಗಟ್ಟಿದ ಒಂದು ಜೋಳದ ಕಾಳನ್ನು ಕಂಡು ತಡೆಯಲಾರದೆ ನಗತೊಡಗುತ್ತಾರೆ. ಏಕೆ ಎಂದು ಅವರಿಗೂ ತಿಳಿಯುವುದಿಲ್ಲ. ಅಲ್ಲಿಂದ ಸ್ವಲ್ಪ ಸ್ವಲ್ಪವಾಗಿ ಭಾವನೆ ಮರಳುತ್ತದೆ. ಇನ್ನೊಂದು ಕಡೆ ಅವರ ಮೀನುಗಳು ಸತ್ತಿವೆ. ಸುತ್ತಲಿನವರು ಹುಡುಕೋಣ, ಊಟ ಹಾಕೋಣ ಎಂದು ಸಲಹೆ ಕೊಡುತ್ತಲೇ ಇರುತ್ತಾರೆ, ಸತ್ತಿವೆ ಎಂಬುದನ್ನು ಒಪ್ಪುವವರೇ ಇಲ್ಲ. ದುಃಖದಲ್ಲಿರುವವರಿಗೆ ನಾವು ಹೇಳುವ ‘ಧೈರ್ಯವಾಗಿರು, ಎಲ್ಲ ಸರಿಹೋಗುತ್ತದೆ’ ಎಂಬ ಮಾತುಗಳೆಲ್ಲ ಆ ಒಂದು ಚಿತ್ರದಲ್ಲಿವೆ. ನನ್ನ ಜೊತೆ ಕೆಲಸ ಮಾಡುವ ಒಬ್ಬ ಹಿರಿಯ ಶಿಕ್ಷಕಿ ಪತಿಯನ್ನು ಕಳೆದುಕೊಂಡ ಮೇಲೆ ಇದನ್ನು ಒಯ್ದರು. ತಿಂಗಳ ನಂತರ ತಂದುಕೊಟ್ಟು, ‘ಮೀನಿನ ಪುಟ ಮಾತ್ರ ನಕಲು ಮಾಡಿಸಿಕೊಂಡೆ’ ಎಂದರು. ಹೆಚ್ಚೇನೂ ಹೇಳಲಿಲ್ಲ. ಬೈಗುಳ ಇರುವ ಪುಸ್ತಕ, ದೊಡ್ಡವರಿಗೆ ಮಾತ್ರ. ಮನಸ್ಸಿನ ಕಾಯಿಲೆಗೆ ಪುಸ್ತಕ ಔಷಧವಾಗುವುದಿಲ್ಲ, ವೈದ್ಯರನ್ನು ಕಾಣಲೇಬೇಕು. ಕಂಡು ಬಂದ ಮೇಲೆ ಪಕ್ಕದಲ್ಲಿ ಕೂರಲು ಯಾರಾದರೂ ಬೇಕಲ್ಲ, ಅದಕ್ಕೆ ಇದು.

ಆ್ಯಲಿಸನ್ ಬೆಕ್ಡೆಲ್ ಅವರ ‘ಫನ್ ಹೋಮ್’ (2006) ಇದಕ್ಕೆ ತದ್ವಿರುದ್ಧ. ಅಲ್ಲಿ ಒಂದು ಗೆರೆಯೂ ಅಜಾಗರೂಕವಲ್ಲ. ಪ್ರತಿಯೊಂದು ಭಂಗಿಗೂ ತಾವೇ ನಿಂತು ಫೋಟೊ ತೆಗೆದುಕೊಂಡು ಅದನ್ನು ನೋಡಿ ಬಿಡಿಸಿದರು. ಮುಗಿಸಲು ಏಳು ವರ್ಷ ಹಿಡಿಯಿತು. ತಂದೆ ಬಚ್ಚಿಟ್ಟ ಬದುಕು, ಮಗಳು ಬಚ್ಚಿಡಲು ಒಪ್ಪದ ಬದುಕು ಅದರ ವಸ್ತು. ಹತ್ತನೆಯ ವಯಸ್ಸಿನ ದಿನಚರಿಯಲ್ಲಿ ಅವರು ಪ್ರತಿ ವಾಕ್ಯದ ಜೊತೆಗೂ ‘ಎಂದು ನನಗನಿಸುತ್ತದೆ’ ಎಂದು ಸೇರಿಸತೊಡಗುತ್ತಾರೆ. ತಾನು ಕಂಡದ್ದು ನಿಜವೇ ಎಂಬ ಅನುಮಾನ. ಆಮೇಲೆ ಆ ಮಾತೇ ಒಂದು ಗುರುತಾಗಿ, ವಾಕ್ಯಗಳ ಮೇಲೆ ಬಿದ್ದು, ಕೊನೆಗೆ ಇಡೀ ಪುಟವನ್ನೇ ಹೊಡೆದು ಹಾಕುತ್ತದೆ. ಸತ್ಯ ಹೇಳಬೇಕೆಂಬ ಹಟ ಮಗುವನ್ನು ಹೇಗೆ ಹಿಂಡುತ್ತದೆ ಎಂಬುದನ್ನು ಇಷ್ಟು ಹತ್ತಿರದಿಂದ ತೋರಿಸಿದ ಇನ್ನೊಂದು ಪುಟವನ್ನು ನಾನು ಕಂಡಿಲ್ಲ. ಇಂಗ್ಲಿಷ್ ಬಲು ಗಡುಸು, ಪಾಶ್ಚಾತ್ಯ ಕಾದಂಬರಿಗಳ ಪ್ರಸ್ತಾಪ ಹೆಜ್ಜೆ ಹೆಜ್ಜೆಗೂ ಇದೆ. ಬಸ್ ಟಿಕೆಟ್ ಸಿಕ್ಕಿಸಿಕೊಂಡು ವಾಪಸಾಗುವ ಪುಸ್ತಕ ಇದೇ. ಆದರೂ ನಾಲ್ಕನೆಯದೋ ಐದನೆಯದೋ ಆಗಿ ಓದಲೇಬೇಕು.

ಚಿತ್ರ ಬಾರದು ಎನ್ನುವವರಿಗೆ

ಹಾರ್ವಿ ಪೀಕರ್ ಕ್ಲೀವ್‌ಲ್ಯಾಂಡಿನ ಒಂದು ಸರ್ಕಾರಿ ಆಸ್ಪತ್ರೆಯಲ್ಲಿ ಕಡತ ನೋಡಿಕೊಳ್ಳುವ ಗುಮಾಸ್ತರು. ಚಿತ್ರ ಬರುತ್ತಿರಲಿಲ್ಲ. ಕಡ್ಡಿ ಮನುಷ್ಯರನ್ನು ಗೀಚಿ, ಮಾತು ಬರೆದು, ರಾಬರ್ಟ್ ಕ್ರಂಬ್ ಮುಂತಾದ ಕಲಾವಿದರ ಕೈಯಲ್ಲಿ ಚಿತ್ರ ಬರೆಸಿದರು. 1976ರಲ್ಲಿ ‘ಅಮೆರಿಕನ್ ಸ್ಪ್ಲೆಂಡರ್’ ಹೀಗೆ ಶುರುವಾಯಿತು. ಅಂಗಡಿಯ ಸಾಲಿನಲ್ಲಿ ನಿಲ್ಲುವುದು, ಕಚೇರಿಯ ಹರಟೆ, ಮನೆಗೆ ಬಂದರೆ ಒಂಟಿತನ. ಹಲವರಿಗೆ ಇದು ಸಪ್ಪೆ ಎನಿಸುತ್ತದೆ. ಕಚೇರಿಯಲ್ಲಿ ಇಪ್ಪತ್ತು ವರ್ಷ ಕಳೆದವರಿಗೆ ಹಾಗೆನಿಸುವುದಿಲ್ಲ. ತಾಲ್ಲೂಕು ಕಚೇರಿಯ ಒಬ್ಬ ಗುಮಾಸ್ತರು ಇದನ್ನು ಮೂರು ಸಲ ಒಯ್ದಿದ್ದಾರೆ.

ನಮ್ಮ ನಾಡಿನವರು

ಶ್ರೀನಗರದ ಮಲಿಕ್ ಸಜಾದ್ ಅವರ ‘ಮುನ್ನು’ (2015) ಕಾಶ್ಮೀರದಲ್ಲಿ ಬೆಳೆಯುವ ಹುಡುಗನ ಕಥೆ. ಕಾಶ್ಮೀರಿಗಳೆಲ್ಲ ಅಲ್ಲಿನ ಹಂಗುಲ್ ಜಿಂಕೆಗಳು. ಅಳಿವಿನಂಚಿನಲ್ಲಿರುವ ಪ್ರಾಣಿ ಅದು. ‘ಮೌಸ್’ ಓದಿದ ಮೇಲೆ ಇದನ್ನು ಓದಿದರೆ ವೇಷ ಒಂದೇ ಬಗೆಯದಾದರೂ ಮನಸ್ಸು ಎಷ್ಟು ಬೇರೆ ಎಂದು ತಿಳಿಯುತ್ತದೆ. ಸ್ಪೀಗಲ್‌ಮನ್ ಮುಗಿದುಹೋದದ್ದನ್ನು ಕೇಳಿ ಬರೆದರು. ಸಜಾದ್ ನಡೆಯುತ್ತಿರುವುದರ ಒಳಗೆ ಕುಳಿತು ಬರೆದರು. ಆದ್ದರಿಂದ ಅವರ ಪುಟಗಳಲ್ಲಿ ಉಸಿರು ಕಟ್ಟುತ್ತದೆ.

ಚೆನ್ನೈನ ತಾರಾ ಬುಕ್ಸ್ ತಂದ ಎರಡು ಪುಸ್ತಕಗಳನ್ನು ಕಾಮಿಕ್ಸ್ ಎಂದು ಕರೆಯಲು ಕೆಲವರು ಒಪ್ಪುವುದಿಲ್ಲ, ಚೌಕಟ್ಟುಗಳಿಲ್ಲ ಎಂದು. ನನಗೆ ಆ ತಕರಾರು ಬೇಡ. ಬಿಹಾರದ ದುಲಾರಿ ದೇವಿ ಮೀನುಗಾರರ ಮನೆಯಲ್ಲಿ ಹುಟ್ಟಿ, ಮನೆಗೆಲಸ ಮಾಡುತ್ತಿದ್ದವರು. ಕೆಲಸಕ್ಕಿದ್ದ ಮನೆಯಲ್ಲಿ ಮಿಥಿಲಾ ಚಿತ್ರ ಬರೆಯುವುದನ್ನು ನೋಡಿ ಕುಂಚ ಹಿಡಿದರು. ‘ಫಾಲೋಯಿಂಗ್ ಮೈ ಪೇಂಟ್ ಬ್ರಷ್’ (2010) ಅವರದೇ ಬದುಕು. 2021ರಲ್ಲಿ ಅವರಿಗೆ ಪದ್ಮಶ್ರೀ ಬಂತು. ತೇಜುಬೆಹನ್ ರಾಜಸ್ಥಾನದ ಹಾಡುಗಾರರ ಸಮುದಾಯದವರು, ಹೊಟ್ಟೆಪಾಡಿಗೆ ನಗರ ಸೇರಿದವರು. ‘ಡ್ರಾಯಿಂಗ್ ಫ್ರಮ್ ದ ಸಿಟಿ’ಯಲ್ಲಿ (2012) ಅವರು ಚುಕ್ಕೆ, ಗೆರೆಗಳಲ್ಲೇ ರೈಲು, ಮರ, ಹೆಂಗಸರನ್ನು ತುಂಬುತ್ತಾರೆ. ಎರಡೂ ತೆಳ್ಳಗಿನ ಪುಸ್ತಕಗಳು, ಮಾತು ಕಡಿಮೆ, ಇಂಗ್ಲಿಷ್ ಬಾರದ ಅಮ್ಮನಿಗೂ ತೋರಿಸಿ ಹೇಳಬಹುದು. ನನ್ನ ಅಮ್ಮ ದುಲಾರಿ ದೇವಿಯ ಪುಟಗಳನ್ನು ಬೆರಳಿನಿಂದ ಸವರುತ್ತ, ‘ಕೆಲಸದ ಮನೆಯಲ್ಲಿ ಕಲಿತಳಂತೆ’ ಎಂದು ಪಕ್ಕದ ಮನೆಯವರಿಗೆ ಹೇಳುತ್ತಿದ್ದರು. ಶಾಲೆಯ ಗ್ರಂಥಾಲಯಕ್ಕೆ ಹಣ ಕಡಿಮೆಯಿದ್ದರೆ ಮೊದಲು ಇವನ್ನೇ ತರಿಸಿ.

ನಾನು ಅವಳಿಗೆ ಕೊಡಿಸಿದ್ದು

ಅಕ್ಕನ ಮಗಳಿಗೆ ನಾನು ಹೇಳಿದ್ದು ಲಿಂಡಾ ಬ್ಯಾರಿ ಅವರ ‘ಒನ್ ಹಂಡ್ರೆಡ್ ಡೀಮನ್ಸ್’. ಪುಸ್ತಕವಾಗಿ ಬಂದದ್ದು 2002ರಲ್ಲಿ. ಹೆಸರುವಾಸಿಯಲ್ಲಿ ಇದು ‘ಮೌಸ್’ ಪಕ್ಕ ನಿಲ್ಲುವುದಿಲ್ಲ. ನನ್ನ ಬೀರುವಿನಲ್ಲಿ ಮಾತ್ರ ಬೆನ್ನು ಬಿಟ್ಟುಕೊಂಡು ಅಂಟು ಹಚ್ಚಿಸಿಕೊಂಡಿರುವುದು ಇದೊಂದೇ.

ಒಬ್ಬ ಝೆನ್ ಸನ್ಯಾಸಿ ಬರೆದ ಭೂತಗಳ ಸುರುಳಿಚಿತ್ರದಿಂದ ಅವರಿಗೆ ಈ ಯೋಚನೆ ಬಂತು. ಕುಂಚ, ಮಸಿಕಲ್ಲು ಹಿಡಿದು ತಮ್ಮನ್ನು ಕಾಡುವ ಭೂತಗಳನ್ನು ಒಂದೊಂದಾಗಿ ಬಿಡಿಸಲು ಕುಳಿತರು. ತಲೆಯ ಹೇನು, ಹಳೆಯ ಪ್ರಿಯಕರ, ಕುಣಿಯಲು ನಾಚಿಕೆ, ಫಿಲಿಪೀನ್ಸಿನ ಅಜ್ಜಿ ಹೇಳುತ್ತಿದ್ದ ರಾಕ್ಷಸಿಯ ಕಥೆ. ಇವು ನಡೆದದ್ದೋ ಕಟ್ಟಿದ್ದೋ ಎಂದು ಕೇಳಿದರೆ ಅವರು ಎರಡನ್ನೂ ಬೆಸೆದ ಒಂದು ಹೊಸ ಪದವನ್ನೇ ಮುಂದಿಡುತ್ತಾರೆ. ಬಣ್ಣ ದಟ್ಟ, ಅಕ್ಷರ ಕೈಬರಹ, ಮುಖಗಳು ಸೊಟ್ಟ. ಮೊದಲ ನೋಟಕ್ಕೆ ಚೌಕಟ್ಟು ಕಿಕ್ಕಿರಿದಂತೆ ಕಾಣುತ್ತದೆ. ಎರಡು ಅಧ್ಯಾಯ ಕಳೆದರೆ ಒಂದು ಗದ್ದಲದ ಮನೆಯೊಳಗೆ ಬಂದು ಕುಳಿತಂತಾಗುತ್ತದೆ.

ಅದರಲ್ಲಿ ವಾಸನೆಗಳ ಬಗ್ಗೆ ಒಂದು ಅಧ್ಯಾಯವಿದೆ. ಪ್ರತಿ ಮನೆಗೂ ಒಂದು ವಾಸನೆ. ಬೇರೆಯವರ ಮನೆಯದು ಹುಡುಗಿಗೆ ತಟ್ಟನೆ ಗೊತ್ತಾಗುತ್ತದೆ, ತನ್ನ ಮನೆಯದು ಗೊತ್ತಾಗುವುದೇ ಇಲ್ಲ. ಒಂದು ದಿನ ಬೇರೆಯವರ ಬಾಯಿಂದ ತನ್ನ ಮನೆಯ ವಾಸನೆಯ ಮಾತು ಕೇಳಬೇಕಾಗುತ್ತದೆ. ಶಿಡ್ಲಘಟ್ಟದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ರೇಷ್ಮೆಗೂಡು ಬೇಯುವ ವಾಸನೆ, ಅದರೊಳಗಿನ ಹುಳುವಿನ ವಾಸನೆ ನಮ್ಮ ಊರಿನ ಗಾಳಿಯಲ್ಲೇ ಇದೆ. ಹೊರಗಿನವರು ಬಸ್ಸಿನ ಕಿಟಕಿ ಎಳೆದುಕೊಂಡು ಮೂಗಿಗೆ ಕರವಸ್ತ್ರ ಹಿಡಿಯುತ್ತಾರೆ. ನಾನು ಬೆಂಗಳೂರಿನಲ್ಲಿ ಓದುತ್ತಿದ್ದಾಗ, ಹಾಸ್ಟೆಲ್ಲಿನ ಕೋಣೆಯಲ್ಲಿ ಒಬ್ಬಳು ನನ್ನ ಚೀಲ ತೆರೆದು ‘ಇದೇನು ವಾಸನೆ’ ಎಂದಿದ್ದಳು. ಒಗೆದು ಇಸ್ತ್ರಿ ಮಾಡಿದ ಬಟ್ಟೆಗಳವು. ಅಂದಿನಿಂದ ಎರಡು ವರ್ಷ ನಾನು ಮನೆಯಿಂದ ಬಟ್ಟೆ ಒಯ್ಯಲಿಲ್ಲ. ಕಾರಣವನ್ನು ಅಮ್ಮನಿಗೆ ಹೇಳಲಿಲ್ಲ. ಅಮ್ಮ ಬಿಸಿನೀರಿನಲ್ಲಿ ಕೈ ಅದ್ದಿ ಎಳೆಯ ತುದಿ ಹುಡುಕುತ್ತಿದ್ದರು. ಬೆರಳ ತುದಿಗಳು ಬೆಳ್ಳಗೆ ಊದಿರುತ್ತಿದ್ದವು. ಆ ದುಡ್ಡಿನಲ್ಲೇ ನನ್ನ ಹಾಸ್ಟೆಲ್ ಶುಲ್ಕ ಸಂದಾಯವಾಗುತ್ತಿತ್ತು. ಬ್ಯಾರಿಯವರ ಆ ಅಧ್ಯಾಯ ಓದುವವರೆಗೆ ಈ ಸಂಗತಿಯನ್ನು ನಾನು ಯಾರಿಗೂ ಹೇಳಿರಲಿಲ್ಲ. ಓದಿದ ದಿನ ಅಮ್ಮನಿಗೆ ಫೋನ್ ಮಾಡಿ ಹೇಳಿದೆ.

ಉ‍ಳಿದ ಪುಸ್ತಕಗಳು ನನಗೆ ಅವರವರ ಬದುಕನ್ನು ತೋರಿಸಿದವು. ಇದು ನನ್ನದನ್ನು ತೆಗೆಯಿಸಿತು. ಕೊನೆಯ ಪುಟಗಳಲ್ಲಿ ಬ್ಯಾರಿ ಮಸಿ ಹೇಗೆ ಅರೆಯಬೇಕು, ಕುಂಚ ಹೇಗೆ ಹಿಡಿಯಬೇಕು, ನಿಮ್ಮ ಭೂತವನ್ನು ಹೇಗೆ ಬರಮಾಡಿಕೊಳ್ಳಬೇಕು ಎಂಬುದನ್ನೂ ಬಿಡಿಸಿ ತೋರಿಸುತ್ತಾರೆ. ಇದೊಂದೇ ಕಾರಣಕ್ಕೆ, ಒಂದನ್ನೇ ಕೊಳ್ಳುವವರಿಗೆ, ಅದರಲ್ಲೂ ಹದಿನೇಳು ದಾಟಿದವರಿಗೆ ನಾನು ಇದನ್ನು ಹೇಳುವುದು. ಕೆಲವು ಅಧ್ಯಾಯಗಳಲ್ಲಿ ಬಾಲ್ಯದ ಗಾಯಗಳ ಸೂಚನೆ ಇದೆ, ಅದಕ್ಕೇ ಚಿಕ್ಕವರಿಗೆ ಬೇಡ. ಸುಲಭವಾಗಿ ಸಿಗುವ ಪುಸ್ತಕವಲ್ಲ. ಆನ್‌ಲೈನ್‌ನಲ್ಲಿ ಹುಡುಕಬೇಕು, ಇಲ್ಲವೇ ಬೆಂಗಳೂರಿನ ಚರ್ಚ್ ಸ್ಟ್ರೀಟಿನ ಅಂಗಡಿಗಳಲ್ಲಿ ಹೇಳಿಟ್ಟು ಕಾಯಬೇಕು. ನಮಗೆ ಸಿಕ್ಕಿದ್ದು ಯಾರೋ ಓದಿ ಮಾರಿದ ಹಳೆಯ ಪ್ರತಿ.

ಕಳೆದ ಭಾನುವಾರ ಅವಳು ಮತ್ತೆ ಬಂದಳು. ಪುಸ್ತಕ ತಂದಿರಲಿಲ್ಲ, ಒಂದು ಹಾಳೆ ತಂದಿದ್ದಳು. ಆರು ಚೌಕಟ್ಟುಗಳು, ಪೆನ್ಸಿಲ್ ಮತ್ತು ಮಸಿ. ಚಿಕ್ಕಬಳ್ಳಾಪುರದಿಂದ ಶಿಡ್ಲಘಟ್ಟಕ್ಕೆ ಬರುವ ಬಸ್ಸು. ಮೊದಲ ಐದು ಚೌಕಟ್ಟುಗಳಲ್ಲಿ ಊರು ಹತ್ತಿರವಾದಂತೆ ಒಬ್ಬೊಬ್ಬರಾಗಿ ಮೂಗು ಮುಚ್ಚಿಕೊಳ್ಳುತ್ತಾರೆ: ಕಂಡಕ್ಟರ್, ಮಗುವನ್ನು ಎತ್ತಿಕೊಂಡ ಹೆಂಗಸು, ಕಾಲೇಜು ಹುಡುಗರು. ವಾಸನೆಯನ್ನು ಹೇಗೆ ಬಿಡಿಸುವುದು ಎಂದು ತೋಚದೆ ರೇಷ್ಮೆ ಎಳೆಯ ಹಾಗೆ ಒಂದೇ ತೆಳು ಗೆರೆಯನ್ನು ಕಿಟಕಿಯಿಂದ ಒಳಗೆ ಬಿಟ್ಟಿದ್ದಾಳೆ. ಅದು ಚೌಕಟ್ಟಿನಿಂದ ಚೌಕಟ್ಟಿಗೆ ಹರಿಯುತ್ತದೆ. ಆರನೆಯದರಲ್ಲಿ ಆ ಗೆರೆ ಹಿಂದಿನ ಸೀಟಿನಲ್ಲಿ ಕಿಟಕಿಗೆ ತಲೆಯಾನಿಸಿ ನಿದ್ದೆಹೋದ ಒಬ್ಬ ಹೆಂಗಸಿನ ಬಳಿ ಬಂದು ನಿಲ್ಲುತ್ತದೆ. ಬೆರಳ ತುದಿಗಳಿಗೆ ಅವಳು ಬಣ್ಣ ಹಾಕದೆ ಬೆಳ್ಳಗೆ ಬಿಟ್ಟಿದ್ದಾಳೆ.

‘ಅಜ್ಜಿಯಾ?’ ಎಂದೆ. ‘ಹೂಂ. ನೀವೇ ಹೇಳಿದ್ದಿರಲ್ಲ’ ಎಂದಳು.

ಆ ಹಾಳೆಯ ನಕಲನ್ನು ನನ್ನ ಪ್ರತಿಯಲ್ಲಿ ವಾಸನೆಯ ಅಧ್ಯಾಯ ಮುಗಿಯುವಲ್ಲಿ ಇಟ್ಟಿದ್ದೇನೆ. ಒಯ್ಯುವವರು ಅದನ್ನೂ ಒಯ್ಯಬಹುದು, ಮಡಿಸದೆ ತಂದುಕೊಡಿ.